ಹಂಚಿಕೆಯ ಸರ್ವರ್‌ನಲ್ಲಿರುವ ಜಾಲತಾಣದ ಇಮೇಲ್‌ಗಳಿಗೆ ಕಳುಹಿಸುವವರ ವಿಳಾಸವನ್ನು ಹೊಂದಿಸುವ ಕ್ರಮ

ಶೇರ್ಡ್ ಹೋಸ್ಟಿಂಗ್‌ನಲ್ಲಿ ನಡೆಯುವ ಜಾಲತಾಣವು ಗ್ರಾಹಕರಿಗೆ ಆರ್ಡರ್‌ನ ದೃಢೀಕರಣವನ್ನೋ ಸದಸ್ಯರಿಗೆ ಪಾಸ್‌ವರ್ಡ್ ಬದಲಿಸುವ ಲಿಂಕನ್ನೋ ಕಳುಹಿಸಿದಾಗ ಅದು ಸ್ಪ್ಯಾಮ್ ಫೋಲ್ಡರಿಗೆ ಬೀಳುವುದು, ಇಲ್ಲವೇ ಎಲ್ಲಿಗೂ ತಲುಪದೆ ಹೋಗುವುದು ಬಹಳ ಸಾಮಾನ್ಯ. ಆಗ ಹೆಚ್ಚಿನವರು ಪತ್ರದ ಒಕ್ಕಣೆಯನ್ನೂ ವಿನ್ಯಾಸವನ್ನೂ ತಿದ್ದಲು ತೊಡಗುತ್ತಾರೆ. ಆದರೆ ತೊಂದರೆ ಅನೇಕ ವೇಳೆ ಇರುವುದು ಕಳುಹಿಸುವವರ ವಿಳಾಸದಲ್ಲಿ. ಒಂದೇ ಸರ್ವರ್‌ನಿಂದ, ಒಂದೇ ಐಪಿ ವಿಳಾಸದಿಂದ ಅನೇಕ ಜಾಲತಾಣಗಳ ಪತ್ರಗಳು ಹೊರಡುತ್ತಿರುವಾಗ, ಇವುಗಳಲ್ಲಿ ನಿಮ್ಮದು ಯಾವುದು ಎಂದು ತಿಳಿಯಲು ಸ್ವೀಕರಿಸುವ ಕಡೆಯವರಿಗೆ ನಿಮ್ಮ ಡೊಮೇನ್ ಹೆಸರಿನ ಹೊರತು ಬೇರೆ ಆಧಾರವಿರುವುದಿಲ್ಲ. ಆ ಹೆಸರು ಪತ್ರದಲ್ಲಿ ಬರಬೇಕಾದ ಎಲ್ಲ ಕಡೆಯೂ ಬರುವಂತೆ ಮಾಡುವುದೇ ಈ ಕೆಲಸದ ತಿರುಳು.

ಇಲ್ಲಿ ಸಿಪ್ಯಾನೆಲ್ (ಹೋಸ್ಟಿಂಗ್ ಖಾತೆಯನ್ನು ನಿರ್ವಹಿಸುವ ನಿಯಂತ್ರಣ ಫಲಕ) ಇರುವ ಸರ್ವರ್‌ನಲ್ಲಿ ನಡೆಯುವ ವರ್ಡ್‌ಪ್ರೆಸ್ ತಾಣವನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಪ್ಲೆಸ್ಕ್ ಎಂಬ ಇನ್ನೊಂದು ಫಲಕ ಬಳಸುವವರಿಗೂ, ಪಿಎಚ್‌ಪಿಯಲ್ಲಿ ಸ್ವತಃ ಬರೆದ ತಾಣ ನಡೆಸುವವರಿಗೂ ಮೆನುಗಳ ಹೆಸರು ಬೇರೆಯಾದೀತೇ ಹೊರತು ಕ್ರಮ ಬದಲಾಗುವುದಿಲ್ಲ.

ಪತ್ರದಲ್ಲಿರುವ ವಿಳಾಸಗಳು

ಯಾವುದೇ ಸೆಟ್ಟಿಂಗ್ ಮುಟ್ಟುವ ಮೊದಲು ಮೂರು ವಿಳಾಸಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಬೇಕು. ಅಂಚೆಯ ಕಾಗದಕ್ಕೆ ಹೊರಗಿನ ಲಕೋಟೆಯ ಮೇಲೊಂದು, ಒಳಗಿನ ಪತ್ರದ ತಲೆಯಲ್ಲೊಂದು ವಿಳಾಸ ಇರುವಂತೆಯೇ ಇಮೇಲಿಗೂ ಎರಡು ಕಡೆ ವಿಳಾಸ ಇರುತ್ತದೆ. ಸರ್ವರ್‌ಗಳು ಪರಸ್ಪರ ಮಾತಾಡುವಾಗ ಬಳಸುವುದು ಲಕೋಟೆಯ ವಿಳಾಸ. ಪತ್ರ ತಲುಪದಿದ್ದರೆ ಬೌನ್ಸ್ ಸಂದೇಶ ಹಿಂದಿರುಗುವುದು ಅಲ್ಲಿಗೆ, ಮತ್ತು ತಲುಪಿದ ಪತ್ರದಲ್ಲಿ ಅದು ‘ರಿಟರ್ನ್-ಪಾತ್’ ಎಂಬ ಸಾಲಾಗಿ ಉಳಿಯುತ್ತದೆ. ಓದುಗರ ಕಣ್ಣಿಗೆ ಬೀಳುವುದು ‘ಫ್ರಮ್’ ಸಾಲಿನ ವಿಳಾಸ. ಓದುಗರು ಉತ್ತರ ಬರೆದರೆ ಅದು ಹೋಗಬೇಕಾದ ವಿಳಾಸ ಫ್ರಮ್‌ಗಿಂತ ಭಿನ್ನವಾಗಿದ್ದರೆ ಅದನ್ನು ‘ರಿಪ್ಲೈ-ಟು’ ಸಾಲಿನಲ್ಲಿ ಕೊಡಲಾಗುತ್ತದೆ.

ನೀವು ಏನನ್ನೂ ಹೊಂದಿಸದೆ ಬಿಟ್ಟಾಗ ಏನಾಗುತ್ತದೆ ಎಂಬುದನ್ನು ನೋಡೋಣ. ಪಿಎಚ್‌ಪಿಯ ‘ಮೇಲ್’ ಫಂಕ್ಷನ್ ಪತ್ರವನ್ನು ಸರ್ವರ್‌ನ ಮೇಲ್ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಸಿಪ್ಯಾನೆಲ್‌ನಲ್ಲಿ ಅದು ಎಕ್ಸಿಮ್. ಅದು ಸಾಮಾನ್ಯವಾಗಿ ನಿಮ್ಮ ಹೋಸ್ಟಿಂಗ್ ಖಾತೆಯ ಹೆಸರನ್ನೂ ಸರ್ವರ್‌ನ ಹೆಸರನ್ನೂ ಸೇರಿಸಿ ಲಕೋಟೆಯ ವಿಳಾಸವನ್ನು ಕಟ್ಟುತ್ತದೆ. ಇತ್ತ ವರ್ಡ್‌ಪ್ರೆಸ್ ಫ್ರಮ್ ಸಾಲಿನಲ್ಲಿ ‘ವರ್ಡ್‌ಪ್ರೆಸ್’ ಎಂಬ ಹೆಸರಿಗೆ ನಿಮ್ಮ ಡೊಮೇನ್ ಸೇರಿಸಿ ಇಡುತ್ತದೆ. ಹೀಗೆ ಲಕೋಟೆ ಹೋಸ್ಟಿಂಗ್ ಸಂಸ್ಥೆಯ ಡೊಮೇನ್‌ನದಾಗಿ, ಒಳಗಿನ ಪತ್ರ ನಿಮ್ಮ ಡೊಮೇನ್‌ನದಾಗಿ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಫ್ರಮ್ ಸಾಲಿನಲ್ಲಿರುವ ಆ ಹೆಸರಿನ ಅಂಚೆಪೆಟ್ಟಿಗೆಯನ್ನು ಯಾರೂ ತೆರೆದಿರುವುದೇ ಇಲ್ಲ.

ಮೊದಲ ಹೆಜ್ಜೆ: ಯಾವ ವಿಳಾಸ ಎಂದು ನಿರ್ಧರಿಸಿ, ಅದನ್ನು ನಿಜವಾಗಿ ತೆರೆಯಿರಿ

ಫ್ರಮ್ ಸಾಲಿನ ವಿಳಾಸ ನಿಮ್ಮದೇ ಡೊಮೇನ್‌ನದಾಗಿರಬೇಕು. ನಮ್ಮಲ್ಲಿ ಎಷ್ಟೋ ಅಂಗಡಿಗಳು, ಸಂಘ ಸಂಸ್ಥೆಗಳು ತಮ್ಮ ತಾಣಕ್ಕೆ ಸ್ವಂತ ಡೊಮೇನ್ ಇದ್ದರೂ ದಿನವೂ ಬಳಸುವ ಜಿಮೇಲ್ ವಿಳಾಸವನ್ನೇ ತಾಣದ ಪತ್ರಗಳ ಫ್ರಮ್ ಸಾಲಿನಲ್ಲಿ ಇಡುತ್ತವೆ. ಇದು ಈಗ ಕೆಲಸ ಮಾಡುವುದಿಲ್ಲ. ತನ್ನ ಸರ್ವರ್‌ಗಳಿಂದ ಹೊರಡದ ಪತ್ರಗಳಲ್ಲಿ ತನ್ನ ವಿಳಾಸ ಕಂಡರೆ ತಿರಸ್ಕರಿಸಿ ಎಂದು ಯಾಹೂ 2014ರ ಏಪ್ರಿಲ್‌ನಲ್ಲೇ ಜಗತ್ತಿಗೆ ತಿಳಿಸಿತು. 2024ರ ಫೆಬ್ರವರಿಯಿಂದ ಜಾರಿಗೆ ಬಂದ ಗೂಗಲ್‌ನ ನಿಯಮಗಳು ಕೂಡ ಫ್ರಮ್ ಸಾಲಿನಲ್ಲಿ ಜಿಮೇಲ್ ವಿಳಾಸವನ್ನು ಅನುಕರಿಸಬಾರದೆಂದು ಸ್ಪಷ್ಟವಾಗಿ ಹೇಳುತ್ತವೆ. ಜಿಮೇಲ್ ವಿಳಾಸಕ್ಕೇ ಉತ್ತರಗಳು ಬರಬೇಕೆಂದಿದ್ದರೆ ಅದನ್ನು ರಿಪ್ಲೈ-ಟು ಸಾಲಿನಲ್ಲಿಡಿ.

ಸಿಪ್ಯಾನೆಲ್‌ನ ‘ಇಮೇಲ್ ಅಕೌಂಟ್ಸ್’ ಪುಟದಲ್ಲಿ ತಾಣಕ್ಕೆಂದೇ ಒಂದು ಅಂಚೆಪೆಟ್ಟಿಗೆ ತೆರೆಯಿರಿ. ‘ನೋರಿಪ್ಲೈ’ ಎಂಬ ಹೆಸರು ಬೇಡ ಎಂಬುದು ನನ್ನ ಸಲಹೆ. ದೃಢೀಕರಣ ಪತ್ರಕ್ಕೆ ಉತ್ತರವಾಗಿ ಗ್ರಾಹಕರು ವಿಳಾಸ ತಪ್ಪಾಗಿದೆ ಎಂದೋ ಆರ್ಡರ್ ಬೇಡ ಎಂದೋ ಬರೆಯುತ್ತಾರೆ, ಅದು ಓದಲೇಬೇಕಾದ ಮಾತು. ಬೌನ್ಸ್ ಸಂದೇಶಗಳನ್ನೂ ವಾರಕ್ಕೊಮ್ಮೆಯಾದರೂ ಒಬ್ಬರು ನೋಡಬೇಕು, ಏಕೆಂದರೆ ಪತ್ರ ಏಕೆ ತಲುಪಲಿಲ್ಲ ಎಂಬ ಕಾರಣವನ್ನು ಎದುರಿನ ಸರ್ವರ್ ತಾನೇ ಬರೆದು ತಿಳಿಸುವ ಜಾಗ ಅದು.

ಒಂದೇ ಹೋಸ್ಟಿಂಗ್ ಖಾತೆಯಲ್ಲಿ ಎರಡು ಮೂರು ಡೊಮೇನ್‌ಗಳನ್ನು ನಡೆಸುತ್ತಿದ್ದರೆ ಪ್ರತಿಯೊಂದಕ್ಕೂ ಅದರದೇ ವಿಳಾಸ ತೆರೆಯಿರಿ. ಮುಖ್ಯ ಡೊಮೇನ್‌ನ ವಿಳಾಸವನ್ನೇ ಎಲ್ಲದಕ್ಕೂ ಬಳಸಿದರೆ ಒಂದು ತಾಣದ ಫಾರ್ಮ್‌ಗೆ ಸ್ಪ್ಯಾಮ್ ಹೊಕ್ಕಾಗ ಉಳಿದವುಗಳ ಹೆಸರೂ ಕೆಡುತ್ತದೆ.

ಎರಡನೆಯ ಹೆಜ್ಜೆ: ಇಮೇಲ್ ರೌಟಿಂಗ್ ಪರೀಕ್ಷಿಸಿ

ತಾಣ ಶೇರ್ಡ್ ಸರ್ವರ್‌ನಲ್ಲಿದ್ದು ಅಂಚೆಪೆಟ್ಟಿಗೆಗಳು ಗೂಗಲ್ ವರ್ಕ್‌ಸ್ಪೇಸ್‌ನಲ್ಲೋ ಜೋಹೋದಲ್ಲೋ ಇರುವವರು ಈ ಹೆಜ್ಜೆಯನ್ನು ಬಿಡಲೇಬಾರದು. ಸಂಪರ್ಕ ಫಾರ್ಮ್‌ನಿಂದ ಹೊರಗಿನವರಿಗೆಲ್ಲ ಪತ್ರ ಹೋಗುತ್ತದೆ, ನಿಮ್ಮದೇ ಡೊಮೇನ್‌ನ ವಿಳಾಸಕ್ಕೆ ಮಾತ್ರ ಬರುವುದಿಲ್ಲ ಎಂಬ ದೂರಿಗೆ ಬಹುಮಟ್ಟಿಗೆ ಇದೇ ಕಾರಣ. ಸಿಪ್ಯಾನೆಲ್‌ನ ‘ಇಮೇಲ್ ರೌಟಿಂಗ್’ ಪುಟದಲ್ಲಿ ಡೊಮೇನ್ ‘ಲೋಕಲ್ ಮೇಲ್ ಎಕ್ಸ್‌ಚೇಂಜರ್’ ಎಂದಿದ್ದರೆ, ಈ ಡೊಮೇನ್‌ನ ಅಂಚೆಪೆಟ್ಟಿಗೆಗಳು ತನ್ನಲ್ಲೇ ಇವೆ ಎಂದು ಸರ್ವರ್ ನಂಬುತ್ತದೆ. ಡಿಎನ್‌ಎಸ್‌ನ (ಡೊಮೇನ್‌ಗಳ ಸಾರ್ವಜನಿಕ ವಿಳಾಸಪಟ್ಟಿಯ) ಎಂಎಕ್ಸ್ ರೆಕಾರ್ಡ್, ಅಂದರೆ ಡೊಮೇನ್‌ನ ಪತ್ರಗಳು ಯಾವ ಸರ್ವರ್‌ಗೆ ಹೋಗಬೇಕೆಂಬ ದಾಖಲೆ, ಏನು ಹೇಳುತ್ತದೆಂದು ನೋಡದೆ ಪತ್ರವನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ, ಅಂಥ ಪೆಟ್ಟಿಗೆ ಇಲ್ಲದಿದ್ದರೆ ಹಿಂದಕ್ಕೆ ಕಳುಹಿಸುತ್ತದೆ. ಅಂಚೆಪೆಟ್ಟಿಗೆಗಳು ಹೊರಗಿದ್ದರೆ ‘ರಿಮೋಟ್ ಮೇಲ್ ಎಕ್ಸ್‌ಚೇಂಜರ್’ ಆಯ್ಕೆ ಮಾಡಿ. ಹೀಗೆ ಮಾಡಿದ ಮೇಲೆ ಮೊದಲ ಹೆಜ್ಜೆಯ ಅಂಚೆಪೆಟ್ಟಿಗೆಯನ್ನು ಸಿಪ್ಯಾನೆಲ್‌ನಲ್ಲಲ್ಲ, ಆ ಹೊರಗಿನ ಸೇವೆಯಲ್ಲೇ ತೆರೆಯಬೇಕು.

ಮೂರನೆಯ ಹೆಜ್ಜೆ: ಡಿಎನ್‌ಎಸ್ ದಾಖಲೆಗಳು

ಇಲ್ಲಿ ಮೂರು ಟಿಎಕ್ಸ್‌ಟಿ (ಪಠ್ಯರೂಪದ) ದಾಖಲೆಗಳು ಬೇಕು: ಎಸ್‌ಪಿಎಫ್, ಡಿಕೆಐಎಂ ಮತ್ತು ಡಿಮಾರ್ಕ್. ಡೊಮೇನ್‌ನ ನೇಮ್‌ಸರ್ವರ್‌ಗಳು (ಅದರ ಡಿಎನ್‌ಎಸ್ ದಾಖಲೆಗಳನ್ನು ಇಟ್ಟುಕೊಂಡಿರುವ ಸರ್ವರ್‌ಗಳು) ಹೋಸ್ಟಿಂಗ್ ಸಂಸ್ಥೆಯವೇ ಆಗಿದ್ದರೆ ಸಿಪ್ಯಾನೆಲ್‌ನ ‘ಇಮೇಲ್ ಡೆಲಿವರಬಿಲಿಟಿ’ ಪುಟವೇ ಎಸ್‌ಪಿಎಫ್, ಡಿಕೆಐಎಂ ದಾಖಲೆಗಳನ್ನು ಸೂಚಿಸಿ ಸೇರಿಸಿಕೊಡುತ್ತದೆ. ನೇಮ್‌ಸರ್ವರ್‌ಗಳು ಕ್ಲೌಡ್‌ಫ್ಲೇರ್‌ನಂಥ ಬೇರೆ ಕಡೆ ಇದ್ದರೆ ಆ ಪುಟದಲ್ಲಿ ತೋರುವ ಮೌಲ್ಯಗಳನ್ನು ನಕಲು ಮಾಡಿ ನೀವೇ ಅಲ್ಲಿ ಸೇರಿಸಬೇಕು.

ನಿಮ್ಮ ಡೊಮೇನ್ ಹೆಸರಿನ ಲಕೋಟೆಯನ್ನು ಯಾವ ಸರ್ವರ್‌ಗಳು ಕಳುಹಿಸಬಹುದು ಎಂಬ ಪಟ್ಟಿಯೇ ಎಸ್‌ಪಿಎಫ್. ಅದು ಪರೀಕ್ಷಿಸುವುದು ಲಕೋಟೆಯ ಡೊಮೇನನ್ನು, ಫ್ರಮ್ ಸಾಲನ್ನಲ್ಲ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಹೋಸ್ಟಿಂಗ್ ಸಂಸ್ಥೆ ಹೇಳಿತೆಂದು ಒಂದು, ಗೂಗಲ್ ಹೇಳಿತೆಂದು ಇನ್ನೊಂದು ಎಂದು ಎರಡು ಸೇರಿಸಿದರೆ ಎರಡೂ ನಿರರ್ಥಕವಾಗಿ ಪರೀಕ್ಷೆ ದೋಷದಲ್ಲಿ ಮುಗಿಯುತ್ತದೆ. ಹೊಸದನ್ನು ಸೇರಿಸಬೇಕಾದಾಗ ಇರುವ ದಾಖಲೆಯೊಳಗೇ ‘ಇನ್‌ಕ್ಲೂಡ್’ ಎಂದು ಸೇರಿಸಿ. ಆ ದಾಖಲೆಯನ್ನು ಬಿಡಿಸಿ ಓದಲು ಎದುರಿನ ಸರ್ವರ್ ಗರಿಷ್ಠ 10 ಡಿಎನ್‌ಎಸ್ ವಿಚಾರಣೆಗಳನ್ನು ಮಾತ್ರ ಮಾಡುತ್ತದೆ. ಒಂದು ಇನ್‌ಕ್ಲೂಡ್‌ನೊಳಗೆ ಅಡಗಿರುವ ಇತರ ಇನ್‌ಕ್ಲೂಡ್‌ಗಳೂ ಈ ಲೆಕ್ಕಕ್ಕೆ ಬರುತ್ತವೆ. ನೇರವಾಗಿ ಬರೆದ ಐಪಿ ವಿಳಾಸಗಳು ಲೆಕ್ಕಕ್ಕೆ ಸೇರುವುದಿಲ್ಲ. ಬಿಟ್ಟುಬಿಟ್ಟ ಹಳೆಯ ಸೇವೆಗಳ ಹೆಸರುಗಳನ್ನು ತೆಗೆದುಹಾಕುವುದು ಈ ಕಾರಣಕ್ಕೂ ಅಗತ್ಯ.

ಹಂಚಿಕೆಯ ಸರ್ವರ್‌ನಲ್ಲಿ ಎಸ್‌ಪಿಎಫ್‌ಗೆ ಒಂದು ಮಿತಿ ಇದೆ, ಅದನ್ನು ಹೋಸ್ಟಿಂಗ್ ಸಂಸ್ಥೆಗಳ ಸಹಾಯ ಪುಟಗಳು ಎತ್ತಿ ಹೇಳುವುದು ಕಡಿಮೆ. ಸರ್ವರ್‌ನ ಐಪಿ ವಿಳಾಸವನ್ನು ನೀವು ಒಪ್ಪಿಕೊಂಡರೆ, ಅದೇ ಐಪಿಯಿಂದ ಪತ್ರ ಕಳುಹಿಸುವ ನೆರೆಯ ಖಾತೆಗಳನ್ನೂ ಒಪ್ಪಿಕೊಂಡಂತೆ. ಕಳುಹಿಸುವವರ ವಿಳಾಸ ಆ ಖಾತೆಗೇ ಸೇರಿದ್ದೇ ಎಂದು ಸರ್ವರ್ ಪರೀಕ್ಷಿಸದಿದ್ದರೆ, ನೆರೆಯ ಖಾತೆಯೊಂದರ ಹಾಳಾದ ತಾಣದಿಂದ ನಿಮ್ಮ ಹೆಸರಿನ ಪತ್ರ ಹೊರಟು ಎಸ್‌ಪಿಎಫ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬಲ್ಲದು. ಬೇರೆಯವರ ಡೊಮೇನ್ ಹೆಸರಿನಲ್ಲಿ ಪತ್ರ ಕಳುಹಿಸಲು ನಿಮ್ಮಲ್ಲಿ ಬಿಡುತ್ತೀರಾ ಎಂದು ಸಂಸ್ಥೆಯನ್ನು ನೇರವಾಗಿ ಕೇಳಿ. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಪತ್ರಗಳನ್ನು ಹೊರಗಿನ ಎಸ್‌ಎಂಟಿಪಿ (ಇಮೇಲ್ ರವಾನಿಸುವ ವಿಧಾನ) ಸೇವೆಯ ಮೂಲಕ ಕಳುಹಿಸಿ, ಶೇರ್ಡ್ ಸರ್ವರನ್ನು ಎಸ್‌ಪಿಎಫ್ ಪಟ್ಟಿಯಿಂದಲೇ ಹೊರಗಿಡುವುದು ಉತ್ತಮ.

ಡಿಕೆಐಎಂ ಪ್ರತಿ ಪತ್ರಕ್ಕೂ ಗೂಢಲಿಪಿಯ ಸಹಿ ಹಾಕುತ್ತದೆ. ಆ ಸಹಿಯನ್ನು ಪರಿಶೀಲಿಸಲು ಬೇಕಾದ ಸಾರ್ವಜನಿಕ ಕೀಲಿ ಡಿಎನ್‌ಎಸ್‌ನಲ್ಲಿರುತ್ತದೆ. ಕೀಲಿ 2048 ಬಿಟ್‌ನದಾಗಿರಲಿ. ಟಿಎಕ್ಸ್‌ಟಿ ದಾಖಲೆಯ ಒಂದು ತುಂಡಿನಲ್ಲಿ 255 ಅಕ್ಷರಗಳಷ್ಟೇ ಹಿಡಿಯುವುದರಿಂದ ಇಷ್ಟು ಉದ್ದದ ಕೀಲಿಯನ್ನು ಉದ್ಧರಣ ಚಿಹ್ನೆಗಳೊಳಗೆ ಎರಡು ತುಂಡು ಮಾಡಿ ಬರೆಯಬೇಕಾಗುತ್ತದೆ. ಕೆಲವು ಡಿಎನ್‌ಎಸ್ ಪುಟಗಳು ಇದನ್ನು ತಾವೇ ಮಾಡುತ್ತವೆ, ಕೆಲವು ಮಾಡುವುದಿಲ್ಲ. ನಕಲು ಮಾಡುವಾಗ ನಡುವೆ ಒಂದು ಅಕ್ಷರ ಬಿಟ್ಟುಹೋದರೂ ಸಹಿ ತಾಳೆಯಾಗದು.

ಇವೆರಡನ್ನೂ ಫ್ರಮ್ ಸಾಲಿಗೆ ಕಟ್ಟುವುದು ಡಿಮಾರ್ಕ್. ಎಸ್‌ಪಿಎಫ್‌ನಲ್ಲಿ ತೇರ್ಗಡೆಯಾದ ಲಕೋಟೆಯ ಡೊಮೇನ್ ಅಥವಾ ಡಿಕೆಐಎಂ ಸಹಿಯ ಡೊಮೇನ್, ಇವುಗಳಲ್ಲಿ ಒಂದಾದರೂ ಫ್ರಮ್ ಸಾಲಿನ ಡೊಮೇನ್‌ಗೆ ಹೊಂದಬೇಕೆಂದು ಅದು ಕೇಳುತ್ತದೆ. ಏನನ್ನೂ ಹೊಂದಿಸದ ತಾಣದ ಪತ್ರ ಎಡವುವುದು ಇಲ್ಲಿಯೇ. ಅದರ ಲಕೋಟೆ ಹೋಸ್ಟಿಂಗ್ ಸಂಸ್ಥೆಯದಾದ್ದರಿಂದ ಎಸ್‌ಪಿಎಫ್ ತೇರ್ಗಡೆಯಾದರೂ ಫ್ರಮ್‌ಗೆ ಹೊಂದುವುದಿಲ್ಲ. ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂಬ ನೀತಿಯನ್ನು ಮೊದಲಿಗೆ ‘ನನ್’ (ಏನೂ ಮಾಡಬೇಡಿ) ಎಂದಿಟ್ಟು, ವರದಿಗಳು ಬರುವ ವಿಳಾಸವನ್ನು ದಾಖಲೆಯಲ್ಲಿ ಕೊಡಿ. ನಿಮ್ಮ ಹೆಸರಿನಲ್ಲಿ ಯಾವ ಯಾವ ಸರ್ವರ್‌ಗಳು ಪತ್ರ ಕಳುಹಿಸುತ್ತಿವೆ ಎಂಬುದು ಆ ವರದಿಗಳಲ್ಲಿ ಬರುತ್ತದೆ. ಎಲ್ಲವೂ ನಿಮ್ಮವೇ, ಎಲ್ಲವೂ ತೇರ್ಗಡೆಯಾಗುತ್ತಿವೆ ಎಂದು ಖಚಿತವಾದ ಮೇಲೆ ‘ಕ್ವಾರಂಟೈನ್’ಗೆ (ಸ್ಪ್ಯಾಮ್ ಎಂದು ಬೇರೆ ಇಡಿ), ಆಮೇಲೆ ‘ರಿಜೆಕ್ಟ್’ಗೆ (ತಿರಸ್ಕರಿಸಿ) ಏರಿಸಬಹುದು.

ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ ಗೂಗಲ್ 2024ರಿಂದ ಈ ಮೂರನ್ನೂ ಕಡ್ಡಾಯ ಮಾಡಿದೆ. ಅಷ್ಟು ಕಳುಹಿಸದವರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ ಬೇಕೇ ಬೇಕು. ಸಣ್ಣ ತಾಣಕ್ಕೆ ಇದೆಲ್ಲ ಏಕೆ ಎಂದು ಬಿಡುವಂತಿಲ್ಲ.

ನಾಲ್ಕನೆಯ ಹೆಜ್ಜೆ: ತಾಣದೊಳಗೆ ವಿಳಾಸ ಹೊಂದಿಸುವುದು

ಇದಕ್ಕೆ ಎರಡು ದಾರಿಗಳಿವೆ. ಪಿಎಚ್‌ಪಿಯ ಮೇಲ್ ಫಂಕ್ಷನ್ನನ್ನೇ ಉಳಿಸಿಕೊಂಡು ವಿಳಾಸಗಳನ್ನು ತಿದ್ದುವುದು ಒಂದು. ಲಾಗಿನ್ ಆಗಿ ಎಸ್‌ಎಂಟಿಪಿ ಮೂಲಕ ಕಳುಹಿಸುವುದು ಇನ್ನೊಂದು. ನಾನು ಶಿಫಾರಸು ಮಾಡುವುದು ಎರಡನೆಯದನ್ನು. ಅದರಲ್ಲಿ ಪತ್ರ ಯಾವ ಅಂಚೆಪೆಟ್ಟಿಗೆಯಿಂದ ಹೊರಟಿತೆಂಬುದು ಲಾಗ್‌ನಲ್ಲಿ ಸ್ಪಷ್ಟವಾಗಿ ದಾಖಲಾಗುತ್ತದೆ, ಮತ್ತು ದೋಷವಿದ್ದರೆ ಕಳುಹಿಸುವ ಕ್ಷಣದಲ್ಲೇ ತಿಳಿಯುತ್ತದೆ.

ಎಸ್‌ಎಂಟಿಪಿಗೆ ವರ್ಡ್‌ಪ್ರೆಸ್‌ನಲ್ಲಿ ಪ್ಲಗಿನ್‌ಗಳಿವೆ. ಪೋರ್ಟ್ 465 ಆದರೆ ಮೊದಲಿನಿಂದಲೇ ಗೂಢಲಿಪೀಕರಣ, 587 ಆದರೆ ‘ಸ್ಟಾರ್ಟ್‌ಟಿಎಲ್‌ಎಸ್’ ಆಯ್ಕೆ ಮಾಡಬೇಕು. 25 ಸರ್ವರ್‌ಗಳ ನಡುವಿನ ಬಳಕೆಗೆ ಇರುವುದು, ಅದನ್ನು ಇಲ್ಲಿ ಬಳಸಬೇಡಿ. ಗೂಗಲ್ ಖಾತೆಯಾದರೆ ಎಂದಿನ ಪಾಸ್‌ವರ್ಡ್ ನಡೆಯುವುದಿಲ್ಲ. ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು, ಇಲ್ಲವೇ ಪಾಸ್‌ವರ್ಡ್ ಹಂಚಿಕೊಳ್ಳದೆ ಅನುಮತಿ ನೀಡುವ ಓಆತ್ ವಿಧಾನದ ಮೂಲಕ ಒಪ್ಪಿಗೆ ಕೊಡಬೇಕು. ಪ್ಲಗಿನ್ ಅವಕಾಶ ಕೊಟ್ಟರೆ ಪಾಸ್‌ವರ್ಡನ್ನು ಡೇಟಾಬೇಸ್‌ನಲ್ಲಿಡುವ ಬದಲು ‘ಡಬ್ಲ್ಯುಪಿ-ಕಾನ್ಫಿಗ್’ ಫೈಲಿನಲ್ಲಿಡಿ.

ಹೊರಗಿನ ಎಸ್‌ಎಂಟಿಪಿ ಸೇವೆಗೆ ಸಂಪರ್ಕ ಮಾಡುವಾಗ ಪ್ರಮಾಣಪತ್ರದ ಹೆಸರು ಹೊಂದುತ್ತಿಲ್ಲ ಎಂಬ ದೋಷ ಬಂದರೆ, ಹೊರಹೋಗುವ ಎಸ್‌ಎಂಟಿಪಿ ಸಂಪರ್ಕಗಳನ್ನು ನಿಮ್ಮ ಶೇರ್ಡ್ ಸರ್ವರ್ ತಡೆದು ತನ್ನದೇ ಮೇಲ್ ತಂತ್ರಾಂಶಕ್ಕೆ ತಿರುಗಿಸುತ್ತಿರುವ ಸಾಧ್ಯತೆ ಹೆಚ್ಚು. ಪ್ರಮಾಣಪತ್ರದ ಪರಿಶೀಲನೆಯನ್ನೇ ಆಫ್ ಮಾಡಿ ಎಂಬ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಹಾಗೆ ಮಾಡಿದರೆ ನಿಮ್ಮ ಪಾಸ್‌ವರ್ಡ್ ಯಾವ ಸರ್ವರ್‌ಗೆ ಹೋಗುತ್ತಿದೆ ಎಂಬುದೇ ನಿಮಗೆ ತಿಳಿಯದು. ಆ ತಡೆಯನ್ನು ತೆಗೆಯಲು ಹೋಸ್ಟಿಂಗ್ ಸಂಸ್ಥೆಯನ್ನೇ ಕೇಳಬೇಕು, ಅಥವಾ ಎಸ್‌ಎಂಟಿಪಿಯ ಬದಲು ವೆಬ್ ಎಪಿಐ (ತಂತ್ರಾಂಶಗಳು ವೆಬ್ ಮೂಲಕ ಮಾತಾಡುವ ದಾರಿ) ಮೂಲಕ ಪತ್ರ ಸ್ವೀಕರಿಸುವ ಸೇವೆಯನ್ನು ಆರಿಸಬೇಕು.

ಮೊದಲ ದಾರಿಯಲ್ಲೇ ಉಳಿಯುವವರು ಫ್ರಮ್ ವಿಳಾಸವನ್ನೂ ಹೆಸರನ್ನೂ ಬದಲಿಸಲು ವರ್ಡ್‌ಪ್ರೆಸ್‌ನ ‘ಡಬ್ಲ್ಯುಪಿ ಮೇಲ್ ಫ್ರಮ್’ ಮತ್ತು ‘ಡಬ್ಲ್ಯುಪಿ ಮೇಲ್ ಫ್ರಮ್ ನೇಮ್’ ಫಿಲ್ಟರ್‌ಗಳನ್ನು ಬಳಸಬಹುದು. ಆದರೆ ಫ್ರಮ್ ಬದಲಾದ ಮಾತ್ರಕ್ಕೆ ಲಕೋಟೆ ಬದಲಾಗಿದೆ ಎಂದು ತಿಳಿಯಬಾರದು. ವರ್ಡ್‌ಪ್ರೆಸ್‌ನ ಅನೇಕ ಆವೃತ್ತಿಗಳು ಲಕೋಟೆಯ ವಿಳಾಸವನ್ನು ಸರ್ವರ್‌ಗೇ ಬಿಟ್ಟುಕೊಡುತ್ತಿದ್ದವು. ಅದರೊಳಗಿನ ಪಿಎಚ್‌ಪಿಮೇಲರ್ ಲೈಬ್ರರಿಯ ‘ಸೆಂಡರ್’ ಎಂಬ ಮೌಲ್ಯವನ್ನು ‘ಪಿಎಚ್‌ಪಿಮೇಲರ್ ಇನಿಟ್’ ಹುಕ್‌ನಲ್ಲಿ ಹೊಂದಿಸಿದರೆ ಲಕೋಟೆಯೂ ಸರಿಹೋಗುತ್ತದೆ. ಸ್ವತಃ ಪಿಎಚ್‌ಪಿ ಬರೆಯುವವರು ಮೇಲ್ ಫಂಕ್ಷನ್‌ನ ಐದನೆಯ ಆರ್ಗ್ಯುಮೆಂಟ್‌ನಲ್ಲಿ ಹೈಫನ್ ಮತ್ತು ಎಫ್ ಸೇರಿಸಿ, ಅದಕ್ಕೆ ಅಂಟಿಸಿ ವಿಳಾಸ ಕೊಡಬೇಕು. ಅಲ್ಲಿ ಸದಾ ನಿಮ್ಮ ಕೋಡ್‌ನಲ್ಲೇ ಬರೆದಿಟ್ಟ ಸ್ಥಿರ ವಿಳಾಸವಿರಲಿ, ಫಾರ್ಮ್‌ನಿಂದ ಬಂದ ಪಠ್ಯವನ್ನು ಎಂದೂ ಅಲ್ಲಿಗೆ ತಲುಪಿಸಬೇಡಿ. 2016ರ ಡಿಸೆಂಬರ್‌ನಲ್ಲಿ ಬಯಲಾದ ಪಿಎಚ್‌ಪಿಮೇಲರ್‌ನ ಗಂಭೀರ ಭದ್ರತಾ ದೋಷಕ್ಕೆ ಮೂಲ ಇದೇ ಜಾಗ. ಸೆಂಡರ್ ವಿಳಾಸದಲ್ಲಿ ಕುಯುಕ್ತಿಯಿಂದ ತುಂಬಿದ ಪಠ್ಯ ಈ ಆರ್ಗ್ಯುಮೆಂಟ್ ಮೂಲಕ ಸಾಗಿ ಸರ್ವರ್‌ನಲ್ಲಿ ಹೊರಗಿನವರ ಕೋಡ್ ನಡೆಯಲು ದಾರಿ ಮಾಡಿಕೊಡುತ್ತಿತ್ತು.

ಸಂಪರ್ಕ ಫಾರ್ಮ್‌ಗಳ ವಿಚಾರದಲ್ಲಿ ವಿಶೇಷ ಎಚ್ಚರ ಬೇಕು. ಫಾರ್ಮ್ ತುಂಬಿದವರ ವಿಳಾಸವನ್ನೇ ಫ್ರಮ್ ಸಾಲಿನಲ್ಲಿಟ್ಟರೆ ಉತ್ತರಿಸುವುದು ಸುಲಭವೆಂದು ತೋರುತ್ತದೆ. ಆದರೆ ಅವರ ಜಿಮೇಲ್ ಅಥವಾ ಯಾಹೂ ವಿಳಾಸದ ಹೆಸರಿನಲ್ಲಿ ಪತ್ರ ಕಳುಹಿಸುವ ಅಧಿಕಾರ ನಿಮ್ಮ ಸರ್ವರ್‌ಗೆ ಇಲ್ಲದ ಕಾರಣ ಆ ಪತ್ರ ನಿಮಗೇ ತಲುಪದೆ ಹೋಗಬಹುದು. ಫ್ರಮ್‌ನಲ್ಲಿ ತಾಣದ ವಿಳಾಸ, ರಿಪ್ಲೈ-ಟುನಲ್ಲಿ ಫಾರ್ಮ್ ತುಂಬಿದವರ ವಿಳಾಸ, ಇದೇ ಸರಿಯಾದ ಕ್ರಮ. ಕೋಡ್ ನೀವೇ ಬರೆದಿದ್ದರೆ ಆ ವಿಳಾಸದಲ್ಲಿ ಹೊಸ ಸಾಲಿನ ಚಿಹ್ನೆಗಳು ಇಲ್ಲವೆಂದು ಪರೀಕ್ಷಿಸಿ, ಏಕೆಂದರೆ ಅವುಗಳ ಮೂಲಕ ಬಿಸಿಸಿ ಸಾಲೊಂದನ್ನು ಸೇರಿಸಿ ನಿಮ್ಮ ಫಾರ್ಮನ್ನು ಸ್ಪ್ಯಾಮ್ ಕಳುಹಿಸುವ ಯಂತ್ರವಾಗಿ ಬಳಸಲು ಸಾಧ್ಯ.

ಹೆಸರು ಕನ್ನಡದಲ್ಲಿರಬೇಕಾದರೆ

ವಿಳಾಸದ ಜೊತೆ ಕಾಣುವ ಹೆಸರನ್ನು ಕನ್ನಡದಲ್ಲೇ ಇಡಬಹುದು, ಕನ್ನಡ ಓದುಗರಿಗಾಗಿ ನಡೆಸುವ ತಾಣ ಹಾಗೆ ಇಡಬೇಕೆಂದೇ ನನ್ನ ಆಸೆ. ಇಮೇಲಿನ ಹೆಡರ್‌ಗಳು ಮೂಲತಃ ಆಸ್ಕಿ (ಇಂಗ್ಲಿಷ್‌ನ ಮೂಲ) ಅಕ್ಷರಗಳಿಗಷ್ಟೇ ರೂಪುಗೊಂಡವಾದ್ದರಿಂದ ಕನ್ನಡ ಪಠ್ಯವನ್ನು ಸಂಕೇತಗೊಳಿಸಿ ಬರೆಯಬೇಕಾಗುತ್ತದೆ. ಪಿಎಚ್‌ಪಿಮೇಲರ್‌ನ ಮೂಲ ಅಕ್ಷರಸಂಕೇತ ಐಎಸ್‌ಒ-8859-1. ಅದನ್ನು ಯುಟಿಎಫ್-8ಕ್ಕೆ ಬದಲಿಸದೆ ಬಿಟ್ಟರೆ ಹೆಸರಿನ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ವರ್ಡ್‌ಪ್ರೆಸ್ ಇದನ್ನು ತಾನೇ ನೋಡಿಕೊಳ್ಳುತ್ತದೆ. ಸ್ವಂತ ಕೋಡ್ ಬರೆದವರು ನೆನಪಿಟ್ಟು ಬದಲಿಸಬೇಕು.

ಸಂಕೇತಗೊಂಡ ಒಂದು ತುಂಡು 75 ಅಕ್ಷರಗಳನ್ನು ಮೀರುವಂತಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ‘ಕ್ಷ’ ಒಂದಕ್ಕೇ 9 ಬೈಟ್ ಆಗುತ್ತದೆ. ಬೇಸ್64 ರೂಪಕ್ಕೆ ತಂದಾಗ ಒಂದು ತುಂಡಿನಲ್ಲಿ ಹಿಡಿಯುವುದು 15 ಸಂಕೇತಗಳು ಮಾತ್ರ. ಉದ್ದದ ಹೆಸರನ್ನು ಒಳ್ಳೆಯ ಲೈಬ್ರರಿಗಳು ಅಕ್ಷರ ಒಡೆಯದಂತೆ ಹಲವು ತುಂಡು ಮಾಡುತ್ತವೆ, ಕೈಯಿಂದ ಬರೆದ ಕೋಡ್ ಕೆಲವೊಮ್ಮೆ ಬೈಟ್‌ಗಳ ನಡುವೆಯೇ ಕತ್ತರಿಸಿಬಿಡುತ್ತದೆ. ಹೆಸರು ಚಿಕ್ಕದಾಗಿದ್ದರೆ ಮೊಬೈಲ್ ಪರದೆಯಲ್ಲೂ ಪೂರ್ತಿ ಕಾಣುತ್ತದೆ.

ವಿಳಾಸವನ್ನೇ ಕನ್ನಡ ಲಿಪಿಯಲ್ಲಿಡುವುದು ಬೇರೆ ಮಾತು. ಡಾಟ್ ಭಾರತ ಡೊಮೇನ್‌ಗಳು ಕನ್ನಡದಲ್ಲೂ ಇವೆ, ವಿಳಾಸದ ಎರಡೂ ಭಾಗ ಕನ್ನಡದಲ್ಲಿರಲು ಬೇಕಾದ ಮಾನದಂಡ 2012ರಿಂದಲೂ ಇದೆ. ಆದರೆ ಅದು ನಡೆಯಬೇಕಾದರೆ ಪತ್ರ ಹಾದುಹೋಗುವ ಪ್ರತಿಯೊಂದು ಸರ್ವರ್ ಕೂಡ ಅದನ್ನು ಬೆಂಬಲಿಸಬೇಕು. ಆರ್ಡರ್, ಪಾಸ್‌ವರ್ಡ್‌ನಂಥ ತಪ್ಪದೆ ತಲುಪಬೇಕಾದ ಪತ್ರಗಳಿಗೆ ಸದ್ಯ ರೋಮನ್ ಲಿಪಿಯ ವಿಳಾಸವನ್ನೇ ಬಳಸಿ, ಹೆಸರನ್ನು ಕನ್ನಡದಲ್ಲಿಡುವುದು ಸುರಕ್ಷಿತ.

ಐದನೆಯ ಹೆಜ್ಜೆ: ಪರೀಕ್ಷೆ

ತಾಣದಿಂದ ನಿಮ್ಮದೇ ಡೊಮೇನ್‌ಗೆ ಪತ್ರ ಕಳುಹಿಸಿ ನೋಡುವುದು ಪರೀಕ್ಷೆಯಾಗದು. ಅದು ಸರ್ವರ್‌ನ ಒಳಗೇ ಸುತ್ತಬಹುದು. ಒಂದು ಜಿಮೇಲ್ ಖಾತೆಗೂ ಒಂದು ಔಟ್‌ಲುಕ್ ಖಾತೆಗೂ ಕಳುಹಿಸಿ. ಜಿಮೇಲ್‌ನಲ್ಲಿ ಆ ಪತ್ರ ತೆರೆದು ‘ಶೋ ಒರಿಜಿನಲ್’ ಆಯ್ಕೆ ಮಾಡಿದರೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರರ ಫಲಿತಾಂಶವೂ ಮೇಲೆಯೇ ಕಾಣುತ್ತದೆ. ಎಸ್‌ಪಿಎಫ್ ‘ಪಾಸ್’ ಎಂದಿರುವುದನ್ನು ಕಂಡು ಅಲ್ಲಿಗೇ ನಿಲ್ಲಬೇಡಿ. ಕೆಳಗೆ ಹೋಗಿ ರಿಟರ್ನ್-ಪಾತ್ ಸಾಲನ್ನು ಓದಿ, ಅಲ್ಲಿ ಇನ್ನೂ ಹೋಸ್ಟಿಂಗ್ ಸರ್ವರ್‌ನ ಹೆಸರಿದ್ದರೆ ನಾಲ್ಕನೆಯ ಹೆಜ್ಜೆ ಪೂರ್ತಿಯಾಗಿಲ್ಲ.

ಪಾಸ್‌ವರ್ಡ್ ಬದಲಾವಣೆ, ಸಂಪರ್ಕ ಫಾರ್ಮ್, ಆರ್ಡರ್ ಪತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಏಕೆಂದರೆ ಕೆಲವು ಪ್ಲಗಿನ್‌ಗಳಿಗೆ ತಮ್ಮದೇ ಫ್ರಮ್ ಸೆಟ್ಟಿಂಗ್ ಇರುತ್ತದೆ. ಕ್ರಾನ್ ಕೆಲಸಗಳ (ಸರ್ವರ್ ನಿಗದಿತ ಸಮಯಕ್ಕೆ ತಾನೇ ನಡೆಸುವ ಕೆಲಸಗಳ) ಪತ್ರಗಳು ತಾಣದ ಸೆಟ್ಟಿಂಗ್‌ಗಳನ್ನು ನೋಡುವುದೇ ಇಲ್ಲ. ಅವು ಯಾರಿಗೆ ಹೋಗಬೇಕೆಂಬುದನ್ನು ಸಿಪ್ಯಾನೆಲ್‌ನ ‘ಕ್ರಾನ್ ಜಾಬ್ಸ್’ ಪುಟದಲ್ಲೇ ಹೇಳಬೇಕು. ತಲುಪದ ಪತ್ರಗಳಿಗೆ ‘ಟ್ರ್ಯಾಕ್ ಡೆಲಿವರಿ’ ಪುಟ ನೋಡಿ. ಅಲ್ಲಿ ಗಂಟೆಗೆ ಇಷ್ಟೇ ಪತ್ರ ಎಂಬ ಮಿತಿಯನ್ನು ಮೀರಿದ ಸೂಚನೆ ಇದ್ದರೆ ವಿಳಾಸದಲ್ಲಿ ತಪ್ಪು ಹುಡುಕುತ್ತ ಕೂರಬೇಕಿಲ್ಲ. ಸುದ್ದಿಪತ್ರಗಳನ್ನು ಪ್ರತ್ಯೇಕ ಸೇವೆಗೆ, ಪ್ರತ್ಯೇಕ ಉಪಡೊಮೇನ್‌ಗೆ ವರ್ಗಾಯಿಸಿ.

ಮುಂದೆ ಎಂದಾದರೂ ಹೋಸ್ಟಿಂಗ್ ಬದಲಿಸುವುದಾದರೆ, ತಾಣವನ್ನು ಸಾಗಿಸುವ ಮೊದಲೇ ಹೊಸ ಸರ್ವರನ್ನು ಎಸ್‌ಪಿಎಫ್ ದಾಖಲೆಗೆ ಸೇರಿಸಿ, ಹೊಸ ಡಿಕೆಐಎಂ ಕೀಲಿಯನ್ನು ಬೇರೆ ಸೆಲೆಕ್ಟರ್ (ಡಿಎನ್‌ಎಸ್‌ನಲ್ಲಿ ಕೀಲಿಯನ್ನು ಗುರುತಿಸುವ ಪದ) ಹೆಸರಿನಲ್ಲಿ ಪ್ರಕಟಿಸಿ. ಹಳೆಯ ಸರ್ವರ್‌ನ ಸರದಿಯಲ್ಲಿದ್ದ ಪತ್ರಗಳೆಲ್ಲ ಹೋಗಿ ಮುಗಿಯುವವರೆಗೆ ಕೆಲವು ದಿನ ಎರಡೂ ಇರಲಿ. ಆಮೇಲೆ ಹಳೆಯ ಸರ್ವರ್‌ನ ಐಪಿಯನ್ನೂ ಹಳೆಯ ಕೀಲಿಯನ್ನೂ ಡಿಎನ್‌ಎಸ್‌ನಿಂದ ಅಳಿಸಿ, ಏಕೆಂದರೆ ಆ ಐಪಿಯಿಂದ ನಿಮಗೆ ಸಂಬಂಧವೇ ಇಲ್ಲದವರ ತಾಣಗಳು ಪತ್ರ ಕಳುಹಿಸುತ್ತಲೇ ಇರುತ್ತವೆ.